ತಂಗಿ ಹಚ್ಚಿದ ವಿಭೂತಿ

ನನ್ನ ತಂಗಿಯ ಕೈ ನಡುಗುತ್ತಿದ್ದುದನ್ನು ನಾನು ಸೋಗು ಎಂದೆ. ಊಟಕ್ಕೆ ಕುಳಿತ ಮಂದಿಯ ಮುಂದೆ, ನಗುತ್ತ ಎಂದೆ. ಅದು ಸೋಗಲ್ಲ ಎಂದು ತಿಳಿದ ಮೇಲೂ ಹಾಗೇ ಅನ್ನುತ್ತ ಹೋದೆ. ಬರೆಯುವುದು ನನಗೆ ರೂಢಿಯಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಆದರೆ ಬಾಯಿಂದ ಹೇಳಲು ಹೋದಾಗಲೆಲ್ಲ ಅಳು ಬಂದು ಮಾತು ಅರ್ಧಕ್ಕೆ ನಿಲ್ಲುತ್ತದೆ, ಕೇಳುವವರು ಬೆನ್ನು ಸವರಿ ಸಮಾಧಾನ ಮಾಡುತ್ತಾರೆ. ಆ ಸಮಾಧಾನ ನನಗೆ ಸಲ್ಲುವುದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೈಲಹೊಂಗಲದಲ್ಲಿ, ಬಸ್ ನಿಲ್ದಾಣದಿಂದ ಹತ್ತಿ ಪೇಟೆಗೆ ಹೋಗುವ ದಾರಿಯಲ್ಲಿ, ನಮ್ಮ ಅವ್ವ ಖಾನಾವಳಿ ನಡೆಸುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಉದ್ದನೆಯ ಬೆಂಚುಗಳು, ಒಳಗೆ ಒಲೆ, ನಡುವೆ ಎದೆಯೆತ್ತರದ ಅರ್ಧ ಗೋಡೆ. ನೇಸರಗಿ, ಸಂಪಗಾಂವ ಕಡೆಯಿಂದ ಹತ್ತಿ ತಂದ ರೈತರು, ಪೇಟೆಯ ದಲಾಲರು, ಕೋರ್ಟು ಕಚೇರಿಗೆ ಬಂದವರು, ಎಲ್ಲರೂ ಬಿಸಿ ರೊಟ್ಟಿಗಾಗಿ ಬರುತ್ತಿದ್ದರು. ತಾಟಿನ ಮುಂದೆ ಕುಳಿತವನಿಗೆ ರೊಟ್ಟಿ ಇಲ್ಲ ಎನ್ನಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಅವನು ಸಾಕು ಅನ್ನುವವರೆಗೂ ಒಳಗಿನವಳು ಬಡಿಯುತ್ತಲೇ ಇರಬೇಕು. ಹಾಗಾದರೆ ಬಡಿಯುವವಳು ಸಾಕು ಅನ್ನುವುದು ಯಾವಾಗ?

ಅದಕ್ಕೆ ಅವ್ವ ಒಂದು ದಾರಿ ಮಾಡಿಕೊಂಡಿದ್ದಳು. ತನಗೆ ಸಾಕೆನಿಸಿದಾಗ, ಒಂದು ಪಂಕ್ತಿ ಎದ್ದು ಇನ್ನೊಂದು ಕೂಡುವ ಮೊದಲು, ಹಂಚು ಇಳಿಸಿ, ಕೆಂಡ ಆರಿಸಿ, ಒಲೆ ಸಾರಿಸಿ, ಅದರ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದುಬಿಡುತ್ತಿದ್ದಳು. ಆಮೇಲೆ ಮರುದಿನ ಬೆಳಗಿನವರೆಗೆ ಆ ಒಲೆಗೆ ಬೆಂಕಿ ಕಾಣಿಸುವಂತಿಲ್ಲ. ಒಮ್ಮೆ ಕಚೇರಿಯ ಸಾಹೇಬರೊಬ್ಬರು ಹಸಿದು ಬಂದು, ಎರಡೇ ರೊಟ್ಟಿ ಎಂದು ಬಹಳ ಕೇಳಿಕೊಂಡರು.

"ಬೂದಿ ಬಿದ್ದ ಒಲಿ ದೇವರ್ರೀ ಸಾಹೇಬರ" ಎಂದಳು ಅವ್ವ. "ದೇವರಿಗೆ ರೊಟ್ಟಿ ಬಡಿ ಅನ್ನಾಕ ಬರತೈತೇನ್ರಿ?"

ಸಾಹೇಬರು ನಕ್ಕು, ಮಜ್ಜಿಗೆ ಕುಡಿದು ಹೋದರು.

ತೊಂಬತ್ತರ ದಶಕದ ನಡುವೆ ಅವ್ವ ತೀರಿಕೊಂಡಳು. ಒಲೆ ತಂಗಿಗೆ ಬಂತು, ಹೊರಗಿನ ವಹಿವಾಟು ನನಗೆ. ನನ್ನ ಗಂಡ ಪೇಟೆಯಲ್ಲಿ ಹತ್ತಿ ತೂಗುತ್ತಿದ್ದ. ತಂಗಿಯ ಗಂಡ ಬಸ್ಸಿನ ಕಂಡಕ್ಟರ್, ಊರು ರಾಮದುರ್ಗ. ಅವನ ಗಾಡಿ ಈ ಕಡೆ ಬಂದಾಗ ನಮ್ಮಲ್ಲೇ ಉಳಿಯುತ್ತಿದ್ದ. ಎಲ್ಲರೂ ಖಾನಾವಳಿಯ ಹಿಂದಿನ ಮನೆಯಲ್ಲೇ ಇದ್ದೆವು.

ತಂಗಿಯ ಕೈ ಅವ್ವನ ಕೈಗಿಂತ ಚುರುಕು. ಹತ್ತಿಯ ಸುಗ್ಗಿಯಲ್ಲಿ ಬೆಂಚುಗಳು ಖಾಲಿಯಾಗುವ ಮಾತೇ ಇರುತ್ತಿರಲಿಲ್ಲ. ಆಗಲೂ ಆಕೆ ಒಳಗಿನಿಂದಲೇ ಉಣ್ಣುವವರನ್ನು ಕೆಣಕುತ್ತಿದ್ದಳು. ದಿನವೂ ಬರುವ ಒಬ್ಬ ಮುದುಕ ದಲಾಲ ಇದ್ದ, ಹೊಟ್ಟೆಬಾಕ. "ನಿಮ್ಮದೇನ ಹೊಟ್ಟಿನೋ, ಜ್ವಾಳ ತುಂಬೂ ಹಗೇವೋ?" ಎಂದು ಆಕೆ ಕೇಳಿದರೆ, "ಹಗೇವು ಯವ್ವಾ, ಇನ್ನೂ ಕುತ್ತಿಗಿ ಮಟಾ ತುಂಬಿಲ್ಲ, ಹಾಕು" ಎಂದು ಅವನು ತಾಟು ಬಡಿಯುತ್ತಿದ್ದ. ಅಷ್ಟು ರೊಟ್ಟಿ ಬಡಿದು ಹೊರಗೆ ಬಂದರೂ ಆಕೆಯ ಮುಖದಲ್ಲಿ ದಣಿವು ಇರುತ್ತಿತ್ತೇ ಹೊರತು ಬೇಸರ ಇರುತ್ತಿರಲಿಲ್ಲ.

ನೆನಪು ಮಾಡಿಕೊಂಡರೆ, ಆಕೆ ಹೊತ್ತಿಗೆ ಮೊದಲೇ ವಿಭೂತಿ ಹಚ್ಚಿದ್ದು ಒಂದೋ ಎರಡೋ ಸಲ ಇರಬೇಕು. ಉಳಿದ ದಿನ ಬಂದವರ ಊಟ ಮುಗಿಸಿಯೇ ಹಚ್ಚುತ್ತಿದ್ದಳು. ವಿಭೂತಿಯ ಬಟ್ಟಲು ಕೈಗೆಟುಕುವ ಗೂಡಿನಲ್ಲಿದೆ, ಬೇಕೆಂದರೆ ಹಚ್ಚಬಹುದು ಎಂಬುದಷ್ಟೇ ಆಕೆಗೆ ಸಾಕಾಗಿತ್ತು. ಇದು ನನಗೆ ಆಗ ಹೊಳೆಯಲಿಲ್ಲ. ಬಳಸದ ವಸ್ತುವಿನಿಂದ ಏನು ಉಪಯೋಗ ಎನ್ನುವ ಬುದ್ಧಿ ನನ್ನದು.

ಒಂದು ಶ್ರಾವಣದಲ್ಲಿ ನೇಸರಗಿಯ ಸಂಬಂಧಿಕರ ಮನೆಗೆ ಹೋದಾಗ ಅಲ್ಲಿ ಪ್ರವಚನ ನಡೆದಿತ್ತು. ಮೈ ಎಂಬುದು ಮನಸ್ಸಿನ ಆಳು, ಒಡೆಯ ಗಟ್ಟಿಯಾಗಿದ್ದರೆ ಆಳು ಹೇಳಿದಂತೆ ಕೇಳುತ್ತಾನೆ ಎಂದು ಪ್ರವಚನ ಹೇಳುವವರು ಅಂದರು. ಆ ಮಾತು ನನಗೆ ಬಹಳ ಹಿಡಿಸಿತು. ನನಗೆ ಎಂದೂ ಎದೆ ಹಾರಿದ್ದಿಲ್ಲ, ಕೈ ಸೋತದ್ದಿಲ್ಲ. ನನ್ನ ಮನಸ್ಸು ಗಟ್ಟಿ ಎಂದುಕೊಂಡೆ. ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು, ಯಾವಾಗ ಬಾಗಿಲು ಹಾಕಬೇಕು ಎನ್ನುವುದೆಲ್ಲ ನನ್ನ ಬಾಯಲ್ಲೇ ಇತ್ತು. ನನ್ನ ಮೈಗೆ ಹೆದರುವ ಕಾರಣವೇ ಇರಲಿಲ್ಲ. ಅಷ್ಟು ಸುಲಭದ ಸಂಗತಿಯನ್ನು ನಾನು ದೊಡ್ಡ ಗುಣವೆಂದು ತಿಳಿದು ಊರಿಗೆ ಮರಳಿದೆ.

ಅದಾದ ಸ್ವಲ್ಪ ದಿನಕ್ಕೆ, ಒಂದು ಸಂಜೆ, ಸವದತ್ತಿಯ ಗುಡ್ಡಕ್ಕೆ ಹೋಗಿ ಮರಳುತ್ತಿದ್ದ ಕಿತ್ತೂರಿನ ಮಂದಿ ಜೀಪು ನಿಲ್ಲಿಸಿದರು. ದೊಡ್ಡ ಮನೆತನದವರೆಂದು ಬಟ್ಟೆ ನೋಡಿದರೇ ತಿಳಿಯುತ್ತಿತ್ತು. ಅವರಲ್ಲಿ ಹಿರಿಯರು, "ಬೈಲಹೊಂಗಲಕ್ಕ ಬಂದ್ರ ನಿಮ್ಮಲ್ಲೇ ಉಣ್ಣಬೇಕು ಅಂತ ಕೇಳೇವ್ರಿ" ಎಂದರು. ಜಂಬ ನನ್ನ ತಲೆಗೇರಿತು. "ಬರ್ರಿ, ಕುಂದರ್ರಿ" ಎಂದು ನೀರು ಕೊಟ್ಟು ಒಳಗೆ ಬಂದರೆ, ತಂಗಿ ಒಲೆ ಸಾರಿಸಿ ಕೈ ಒರೆಸಿಕೊಳ್ಳುತ್ತಿದ್ದಳು.

"ಅಕ್ಕಾ, ವಿಭೂತಿ ಹಚ್ಚೇನಿ."

"ಹಚ್ಚಿದ್ರ ಏನಾತು? ಉಂಡ ಹ್ವಾದ ಮ್ಯಾಲ ಮತ್ತ ಹಚ್ಚಿದ್ರಾತು."

"ಅವ್ವ ಹಿಂಗ ಮಾಡ್ತಿದ್ಲೇನು?"

"ಅವ್ವನ ಕಾಲ ಬ್ಯಾರೆ. ಮನಸ ಗಟ್ಟಿ ಮಾಡು, ಮೈ ತಾನ ಕೇಳತೈತಿ."

ಆಕೆ ಅಲ್ಲಾಡಲಿಲ್ಲ. ನಾನು ಬಗ್ಗಿ, ನನ್ನ ಸೆರಗಿನಿಂದ ಒಲೆಯ ಹಣೆಯನ್ನು ಒರೆಸಿದೆ. ಮೂರು ಗೆರೆಗಳು ಕಲಸಿ ಒಂದು ಬಿಳಿಯ ಕಲೆಯಾದವು. ಆಕೆ ಆ ಕಲೆಯನ್ನೇ ನೋಡುತ್ತ ಕಟ್ಟಿಗೆ ಇಟ್ಟಳು. ಹೊರಗೆ ಕಿತ್ತೂರಿನವರು ಹೊಗಳುತ್ತ ಉಂಡರು. ಆ ಹೊಗಳಿಕೆ ನಾನು ತೆಗೆದುಕೊಂಡೆ.

ಒಮ್ಮೆ ಅಳಿಸಿದ ಮೇಲೆ ಎರಡನೆಯ ಸಲ ಸುಲಭವಾಯಿತು. ಆಮೇಲಾಮೇಲೆ ಕಾರಣವೂ ಬೇಕಾಗಲಿಲ್ಲ. "ನಮ್ಮ ಒಲಿ ಎಂದೂ ಆರೂದಿಲ್ರಿ" ಎಂದು ನಾನು ಬಾಗಿಲಲ್ಲಿ ನಿಂತು ಜಂಬ ಕೊಚ್ಚುತ್ತಿದ್ದೆ. ಒಂದು ಸಂಜೆ ತಂಗಿ ಬಟ್ಟಲು ತಂದು ನನ್ನ ಕೈಗಿಟ್ಟಳು. "ಇನ್ನ ಮ್ಯಾಲ ನೀನ ಹಚ್ಚಕ್ಕಾ. ನಾ ಹಚ್ಚಿದ್ದು ನಿಂದರೂದಿಲ್ಲ."

ಅದನ್ನು ನಾನು ವಿಧೇಯತೆ ಎಂದು ತಿಳಿದೆ. ಒಳ್ಳೆಯದೇ ಆಯಿತು ಎಂದು ಇಸಿದುಕೊಂಡೆ.

ಮೊದಲು ನಿಂತದ್ದು ಆಕೆಯ ಮಾತು. ದಲಾಲ ತಾಟು ಬಡಿದರೂ ಒಳಗಿನಿಂದ ಉತ್ತರ ಬರುತ್ತಿರಲಿಲ್ಲ. ಆಮೇಲೆ ನಿದ್ದೆ ಹೋಯಿತು, ಉಂಡದ್ದು ಎದೆಗೆ ಬರತೊಡಗಿತು. ಉರಿಯುವ ಒಲೆಯ ಮುಂದೆ ಕುಳಿತವಳ ಕೈ ಮುಟ್ಟಿದರೆ ತಣ್ಣಗಿರುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುತ್ತಿದ್ದದ್ದು ಬೆಂಚಿನ ಸಪ್ಪಳ. ಹೊಸಬರು ಬಂದು ಬೆಂಚು ಎಳೆದರೆ ಸಾಕು, ಆಕೆಗೆ ಎದೆ ಢವಢವ ಎನ್ನುತ್ತಿತ್ತಂತೆ, ಬೆರಳು ನಡುಗುತ್ತಿದ್ದವಂತೆ. ಜೋಳದ ರೊಟ್ಟಿಗೆ ನಡುಗುವ ಕೈ ಆಗಿಬರುವುದಿಲ್ಲ. ಅಂಚು ಸೀಳುತ್ತದೆ, ಎತ್ತುವಾಗ ಹರಿಯುತ್ತದೆ.

"ಏನವಾ" ಎಂದ ದಲಾಲ ಒಂದು ಮಧ್ಯಾಹ್ನ, ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಇವತ್ತಿನ ರೊಟ್ಟಿ ತಾಲೂಕಿನ ನಕಾಶಿ ಆಗೇತಲ್ಲ! ಇದರಾಗ ನಮ್ಮೂರ ಎಲ್ಲೈತಿ ತೋರಸು."

ಆಕೆಯ ಬದಲಿಗೆ ನಾನೇ ಹೇಳಿದೆ: "ಆಕಿಗೆ ಈಗ ಕೈ ನಡಗೂ ಸೋಗ ಬಂದೈತ್ರಿ. ಕೆಲಸ ಬ್ಯಾಡಾದವರಿಗೆ ಬರೂ ರೋಗ ಅದು."

ಬೆಂಚಿನ ತುಂಬ ನಗೆ ಎದ್ದಿತು. ದಲಾಲ ಮಾತ್ರ ನಗಲಿಲ್ಲ. ಆ ಹರಿದ ರೊಟ್ಟಿಯನ್ನು ಜೋಡಿಸಿಕೊಂಡು ಉಂಡ.

ಈಗ ನಾನು ಯಾರಿಗೂ ಹೇಳದಿದ್ದುದನ್ನು ಬರೆಯಬೇಕು. ಆಕೆ ನಟಿಸುತ್ತಿದ್ದಾಳೋ ಇಲ್ಲವೋ ನೋಡಿಯೇಬಿಡಬೇಕೆಂದು ನನಗೆ ಹಟ ಹುಟ್ಟಿತು. ಊಟದವರೆಲ್ಲ ಹೋಗಿದ್ದ ಒಂದು ಇಳಿಹೊತ್ತು. ಖಾನಾವಳಿ ಖಾಲಿ. ತಂಗಿ ನಮ್ಮ ಮನೆಯವರಿಗಾಗಿ ರೊಟ್ಟಿ ಬಡಿಯುತ್ತಿದ್ದಳು, ಕೈ ಸಮಾಧಾನದಿಂದ ನಡೆದಿತ್ತು, ಬಡಿತದ ಸಪ್ಪಳ ತಪ್ಪದೆ ಕೇಳುತ್ತಿತ್ತು. ನಾನು ಮೆಲ್ಲಗೆ ಹೋಗಿ ಒಂದು ಬೆಂಚನ್ನು ಕರ್ರ್ ಎಂದು ಎಳೆದೆ. ಎಳೆದು ಅರ್ಧ ಗೋಡೆಯ ಮೇಲಿಂದ ಇಣುಕಿದೆ.

ಬಡಿತ ತಪ್ಪಿತು. ಆಕೆಯ ಹೆಗಲುಗಳು ಕಿವಿಯವರೆಗೆ ಏರಿದವು. ಅಂಗೈ ಮೇಲಿದ್ದ ರೊಟ್ಟಿ ಹರಿದು ಅರ್ಧ ಬೆಂಕಿಗೆ ಬಿತ್ತು. ಕುತ್ತಿಗೆಯ ನರ ಹಾರುವುದು ನಾನು ನಿಂತಲ್ಲಿಂದಲೇ ಕಾಣುತ್ತಿತ್ತು. ಆಕೆ ಹಿಟ್ಟಿನ ಕೈಯನ್ನೇ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ತಿರುಗಿ ನೋಡಲಿಲ್ಲ. ಸೋಗು ಮಾಡುವವರು ನೋಡುವವರಿದ್ದಾರೋ ಎಂದು ಮೊದಲು ನೋಡುತ್ತಾರೆ.

"ಯಾರ ಬಂದ್ರಕ್ಕಾ?" ಎಂದಳು.

"ಯಾರಿಲ್ಲ. ಕಸಾ ಹೊಡ್ಯಾಕತ್ತೇನಿ" ಎಂದೆ.

ಆ ಹೊತ್ತೇ ನನಗೆ ಸತ್ಯ ತಿಳಿಯಿತು. ಆದರೆ ಸತ್ಯವೆಂದು ಒಪ್ಪಿದರೆ ಬಟ್ಟಲು ಮರಳಿ ಕೊಡಬೇಕಾಗುತ್ತಿತ್ತು, ಬಾಗಿಲಲ್ಲಿ ನಿಂತು ಬಂದವರಿಗೆ ಇವತ್ತಿಲ್ಲ ಎನ್ನಬೇಕಾಗುತ್ತಿತ್ತು. ನನ್ನ ಒಲೆ ಎಂದೂ ಆರುವುದಿಲ್ಲ ಎಂದವಳು ನಾನು. ಮರುದಿನವೇ ಮತ್ತೆ ಮಂದಿಯ ಮುಂದೆ ಸೋಗು ಎಂದೆ, ಹಿಂದಿಗಿಂತ ಸ್ವಲ್ಪ ಜೋರಾಗಿ.

ಆ ಬೇಸಿಗೆಯಲ್ಲಿ ಆಕೆ ಒಲೆಯ ಮುಂದಿನಿಂದ ಎದ್ದವಳು ಗೋಡೆ ಹಿಡಿದು ಕುಸಿದಳು. ಡಾಕ್ಟರ ಬಳಿ ಕರೆದುಕೊಂಡು ಹೋದೆ. ರಕ್ತದೊತ್ತಡ ಏರಿದೆ, ಸ್ವಲ್ಪ ದಿನ ಬೇರೆ ಕಡೆ ಇದ್ದು ಬರಲಿ ಎಂದರು. ರಾಮದುರ್ಗದ ಗಂಡನ ಮನೆಗೆ ಹೋಗಿ ಬಂದಾಗ ಒತ್ತಡ ಇಳಿದಿತ್ತು. ಖಾನಾವಳಿಯಲ್ಲಿ ಮತ್ತೆ ಕುಳಿತ ಕೆಲವೇ ದಿನಕ್ಕೆ ಏರಿತು. ಡಾಕ್ಟರು ಹುಬ್ಬು ಗಂಟಿಕ್ಕಿದರು.

"ರಾಮದುರ್ಗದಾಗ ರೊಟ್ಟಿ ಬಡದಿಲ್ಲೇನವಾ?"

"ಬಡದೇನ್ರಿ. ಮನಿ ತುಂಬ ಮಂದಿ ಐತ್ರಿ ಅಲ್ಲಿ" ಎಂದಳು ತಂಗಿ.

"ಎದಿ ಹಾರಲಿಲ್ಲ?"

"ಇಲ್ರಿ."

ಅವರು ತಿಳಿಸಿ ಹೇಳಿದರು. ನಾಯಿ ಬೆನ್ನು ಹತ್ತಿದಾಗ ಮೈ ಹೇಗೆ ಓಡಲು ಸಿದ್ಧವಾಗುತ್ತದೆಯೋ, ಎದೆ ಜೋರಾಗಿ ಹೊಡೆದುಕೊಂಡು ಕೈಕಾಲು ತಣ್ಣಗಾಗುತ್ತವೆಯೋ, ಹಾಗೇ ಇದೂ. ಬಾಗಿಲು ಹಾಕಿಕೊಳ್ಳುವುದು ನನ್ನ ಕೈಯಲ್ಲಿದೆ ಎಂದು ನಂಬಿಕೆಯಿದ್ದರೆ ಮೈ ತಾನೇ ತಣಿಯುತ್ತದೆ, ಬಾಗಿಲು ಹಾಕದಿದ್ದರೂ ತಣಿಯುತ್ತದೆ. ಆ ನಂಬಿಕೆ ಹೋದರೆ ಮೈ ದಿನವಿಡೀ ಓಡುವ ಸಿದ್ಧತೆಯಲ್ಲೇ ಇರುತ್ತದೆ. ಇಷ್ಟು ಹೇಳಿ ಕೇಳಿದರು: "ಖಾನಾವಳ್ಯಾಗ ಇವತ್ತಿಗೆ ಸಾಕು ಅನ್ನೂದು ಯಾರ ಕೈಯಾಗ ಐತಿ?"

ತಂಗಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ಆಕಿ ಕೈಯಾಗ ಐತ್ರಿ. ಒಲಿಗೆ ವಿಭೂತಿ ಹಚ್ಚಿದ್ರ ಮುಗೀತು, ಮತ್ತ ಯಾರೂ ಕೇಳೂದಿಲ್ರಿ."

ತಂಗಿ ನನ್ನ ಮುಖ ನೋಡಿದಳು. ಸಿಟ್ಟಿನಿಂದ ಅಲ್ಲ. ತಪ್ಪಿದ ದಾರಿಯಲ್ಲಿ ಪರಿಚಯದ ಮರ ಹುಡುಕುವವರು ನೋಡುವ ಹಾಗೆ ನೋಡಿದಳು. ಡಾಕ್ಟರು ನನ್ನ ಮಾತು ನಂಬಿದರು. ಹಾಗಾದರೆ ಈಕೆಯ ಸ್ವಭಾವವೇ ಅಂಜುಬುರುಕ ಇರಬೇಕು ಎಂದು ಗುಳಿಗೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಲು ಹೇಳಿದರು.

ಆ ವಾರ ಆಕೆಯ ಗಂಡ ಬಂದಿದ್ದ. ತಮಾಷೆಯ ಮನುಷ್ಯ, ಬಿರುಸು ಮಾತು ಆಡಿದವನಲ್ಲ. ಚಹಾ ಕುಡಿಯುತ್ತ, "ಅಕ್ಕಾರ, ಒಂದ ಮಾತ ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ" ಎಂದ. "ಸಂತಿ ದಿನ ನನ್ನ ಗಾಡ್ಯಾಗ ಕಾಲ ಇಡಾಕ ಜಾಗಾ ಇರೂದಿಲ್ಲ. ಮಂದಿ ಬೈತಾರ, ಕೋಳಿ ಒದರತಾವ, ಯಾರೋ ವಾಂತಿ ಮಾಡ್ಕೋತಾರ. ನನಗೇನೂ ಆಗೂದಿಲ್ಲ. ಯಾಕಂದ್ರ ಸೀಟಿ ನನ್ನ ಬಾಯಾಗ ಐತಿ, ಊದಿದ್ರ ಗಾಡಿ ನಿಂದರತೈತಿ. ಈಕಿ ಸೀಟಿ ಯಾರ ಕಸಗೊಂಡಾರ್ರಿ?"

"ಯಾರ ಕಸಗೋತಾರಪಾ? ಆಕೀನ ಎಲ್ಲೋ ಕಳಕೊಂಡಾಳ" ಎಂದು ನಾನು ನಕ್ಕೆ.

ತಂಗಿ "ಹೂಂ, ಕಳಕೊಂಡೇನಿ" ಎಂದಳು. ಮಳೆಗಾಲಕ್ಕೆ ಮೊದಲು ಅವರು ರಾಮದುರ್ಗಕ್ಕೆ ಹೊರಟುಹೋದರು. ಜಗಳವಾಗಲಿಲ್ಲ. ಜಗಳವಾಗಿದ್ದರೆ ನಾನು ಅದರ ಮೇಲೆ ತಪ್ಪು ಹೊರಿಸಿ ಆರಾಮಾಗಿರುತ್ತಿದ್ದೆ.

ಒಲೆಗೆ ಮುರಗೋಡದ ಹೆಣ್ಣುಮಗಳೊಬ್ಬಳನ್ನು ಇಟ್ಟುಕೊಂಡೆ. ಗಟ್ಟಿ ಬಾಯಿಯವಳು. ಸಂಜೆಯ ಬಸ್ಸಿನ ಹೊತ್ತಾಗುತ್ತಲೇ ಕೈ ತೊಳೆದು ಎದ್ದುಬಿಡುತ್ತಿದ್ದಳು. "ಇನ್ನಿಬ್ಬರು ಕುಂತಾರವಾ" ಎಂದರೆ, "ಕುಂದರವಲ್ರ್ಯಾಕ, ನನ್ನ ಗಾಡಿ ನಿಂದರತೈತೇನು?" ಎನ್ನುತ್ತಿದ್ದಳು. ನಾನು ಬಂದವರಿಗೆ ಕೈ ಮುಗಿದು ಕಳಿಸುತ್ತಿದ್ದೆ. ಅದರಿಂದ ಖಾನಾವಳಿ ಮುಳುಗಲಿಲ್ಲ. ಎಲ್ಲಿಯದೋ ಹೆಣ್ಣುಮಗಳ ಸಾಕು ಎಂಬ ಮಾತಿಗೆ ತಲೆಬಾಗಲು ನನಗೆ ಬರುತ್ತಿತ್ತು. ಒಡಹುಟ್ಟಿದವಳ ಮಾತಿಗೆ ಮಾತ್ರ ಬರಲಿಲ್ಲ. ಇದನ್ನು ನೆನೆದಾಗ ಒಬ್ಬಳೇ ಇದ್ದರೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಹಬ್ಬ ಹುಣ್ಣಿಮೆಗೂ ತಂಗಿ ಬರಲಿಲ್ಲ. ಎರಡು ಸುಗ್ಗಿ ಕಳೆದವು. ಕಡೆಗೆ ನಾನೇ ಹೊರಟೆ. ತಪ್ಪೊಪ್ಪಿಕೊಂಡು ಆಕೆಯನ್ನು ಮರಳಿ ಕರೆತರಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಸವದತ್ತಿಯಲ್ಲಿ ಗಾಡಿ ಬದಲಿಸಿ, ದಾರಿಯುದ್ದಕ್ಕೂ ಹೇಳಬೇಕಾದುದನ್ನು ಬಾಯಲ್ಲಿ ತಿರುವಿ ಹಾಕುತ್ತ ರಾಮದುರ್ಗ ಮುಟ್ಟಿದೆ. ಆಕೆಯ ಮನೆಯ ಓಣಿಯಲ್ಲಿ ಮಗ್ಗದ ಸಪ್ಪಳ ಕಿವಿಗೆ ಬಡಿಯುತ್ತಿತ್ತು. ಅದರ ನಡುವೆಯೇ ಆಕೆ ಅಂಗಳದಲ್ಲಿ ಕುಳಿತು ಖಡಕ್ ರೊಟ್ಟಿಗಳನ್ನು ಆರಿಸಿ ಒಂದರ ಮೇಲೊಂದು ಒಟ್ಟುತ್ತಿದ್ದಳು. ಬೆಳಗಿನ ಹೊತ್ತು ತನಗೆ ಆದಷ್ಟು ಬಡಿದು, ಒಣಗಿಸಿ, ಅಂಗಡಿಗಳಿಗೆ ಕೊಡುತ್ತಿದ್ದಳಂತೆ. ಮೈ ಕೈ ತುಂಬಿಕೊಂಡಿದ್ದಳು. ಇಲ್ಲಿಯ ಡಾಕ್ಟರು ಗುಳಿಗೆ ಅರ್ಧಕ್ಕೆ ಇಳಿಸಿದ್ದಾರೆ ಎಂದಳು.

ಚಹಾ ಕುಡಿದ ಮೇಲೆ ನಾನು ಶುರು ಮಾಡಿದೆ. "ಡಾಕ್ಟರ ಮುಂದ ಸುಳ್ಳ ಹೇಳಿದೆ ತಂಗೀ."

"ಹೇಳಿದಿ."

"ಇನ್ನೊಂದೈತಿ. ಒಂದಿನಾ ನಾ ಬೆಂಚ ಎಳದದ್ದು ಕಸಾ ಹೊಡ್ಯಾಕಲ್ಲ. ನಿನ್ನ ಕೈ ಖರೇನ ನಡಗತಾವೇನು ನೋಡೂನಂತ ಎಳದೆ."

ಆಕೆ ರೊಟ್ಟಿ ಒಟ್ಟುವುದು ನಿಲ್ಲಿಸಲಿಲ್ಲ. "ಗೊತ್ತೈತಿ. ಎಳದ ಸಪ್ಪಳ ಕೇಳಿತು, ಕುಂತ ಸಪ್ಪಳಾನೂ ಕೇಳಲಿಲ್ಲ, ಕಸಬರಿಗಿ ಸಪ್ಪಳಾನೂ ಕೇಳಲಿಲ್ಲ."

"ಗೊತ್ತಿದ್ದೂ ಸುಮ್ಮನಿದ್ದಿ?"

"ಗೊತ್ತಿದ್ದೂ ಕೈ ನಡಗಿದ್ವಲ್ಲಕ್ಕಾ. ಯಾರೂ ಬಂದಿಲ್ಲಂತ ತಿಳದ ಮ್ಯಾಲೂ ನಿಂದರಲಿಲ್ಲ. ಅವತ್ತ ನನಗ ನಿನ್ನ ಮ್ಯಾಲ ಸಿಟ್ಟ ಬರಲಿಲ್ಲ. ಅಕ್ಕ ಅನ್ನೂದು ಖರೇ, ನನ್ನ ಮನಸ ಸಡ್ಲ ಐತಿ ಅಂತ ನಂಬಿಬಿಟ್ಟೆ. ಭಾಳ ದಿನಾ ನಂಬಿದ್ದೆ."

ನಾನು ಏನು ಕೇಳಲು ಸಿದ್ಧಳಾಗಿ ಹೋಗಿದ್ದೆನೋ ಅದು ಇದಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ನನ್ನ ಮಾತನ್ನು ಆಕೆ ನಂಬಿದ್ದಳು ಎನ್ನುವುದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ತಪ್ಪಾತವಾ" ಎಂದೆ. "ಊರಿಗೆ ಬಾ. ಒಲಿ ನಿಂದ, ಸಾಕು ಅನ್ನೂದೂ ನಿಂದ. ನಾ ಬಾಯಿ ಹಾಕೂದಿಲ್ಲ."

ಆಕೆ ನನ್ನನ್ನು ನೋಡಿ ಸಣ್ಣಗೆ ನಕ್ಕಳು. "ನೋಡೂನು. ದೀಪಾವಳಿಗೆ ಬಂದ ನಾಕ ದಿನಾ ಇದ್ದ ನೋಡ್ತೇನಿ" ಎಂದಳು. ನನಗೆ ಜೀವ ಬಂದಂತಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಸೊಸೆ ಬಾಗಿಲಿಗೆ ಬಂದಳು. "ಅಕ್ಕಾರ, ನಾಕ ಬಿಸಿ ರೊಟ್ಟಿ ಬೇಕಾಗಿದ್ವು ನೋಡ್ರಿ. ಬೀಗರು ಬಂದಾರ."

"ಇವತ್ತಿಂದ ಮುಗದೈತವಾ. ಖಡಕ ಒಯ್ತಿಯೇನು?" ಎಂದಳು ತಂಗಿ.

ಆ ಹುಡುಗಿ ಅನುಮಾನಿಸುತ್ತ ನಿಂತಳು. ನನ್ನ ಬಾಯಿ ನನಗಿಂತ ಮುಂದೆ ಹೋಗಿತ್ತು: "ಬೀಗರು ಅಂತಾಳ ಪಾಪ. ನಾಕ ರೊಟ್ಟಿ ಎಷ್ಟೊತ್ತಿನ ಮಾತ ತಂಗೀ, ಬಡದ ಕೊಡು."

ಹುಡುಗಿಯ ಮುಖ ಅರಳಿತು. ತಂಗಿಯ ಬೆರಳುಗಳು ಕೈಯಲ್ಲಿದ್ದ ರೊಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದವು, ರೊಟ್ಟಿ ಚಟ್ಟನೆ ಮುರಿಯಿತು. ಮುರಿದ ತುಂಡುಗಳನ್ನು ಆಕೆ ಬದಿಗಿಟ್ಟಳು. ಬೇರೆ ನಾಲ್ಕು ಖಡಕ್ ರೊಟ್ಟಿಗಳನ್ನು ಎಣಿಸಿ ಹುಡುಗಿಯ ಕೈಗೆ ಕೊಟ್ಟು, "ನೀರ ಚಿಮಕಿಸಿ ಕೊಡು, ಮೆತ್ತಗಾಗತಾವ" ಎಂದಳು. ಹುಡುಗಿ ಹೋದಳು.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಆಕೆ ಕೈ ಎತ್ತಿ ತಡೆದಳು.

"ಅಕ್ಕಾ, ನಿನ್ನ ಗಾಡಿ ಹೊತ್ತಾತು."

ಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ನಾನು ಎದ್ದೆ.